ಶನಿವಾರದ ಅಪ್ಪ

ಊರಾಚೆಯ ಬಡಾವಣೆಯ ಬಾಳನ್ನು ಹಾಡಿನಲ್ಲಿ ಬೈದವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. 1962ರಲ್ಲಿ ಮಾಲ್ವಿನಾ ರೆನಾಲ್ಡ್ಸ್ ಎಂಬಾಕೆ ಸ್ಯಾನ್‌ಫ್ರಾನ್ಸಿಸ್ಕೋ ಪಕ್ಕದ ಡೇಲಿ ಸಿಟಿಯ ಗುಡ್ಡದ ಮೇಲೆ ಒಂದೇ ಥರದ ಮನೆಗಳ ಸಾಲು ನೋಡಿ 'ಲಿಟಲ್ ಬಾಕ್ಸಸ್' ಕಟ್ಟಿದರು. ಪೀಟ್ ಸೀಗರ್ ಅದನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. 1967ರಲ್ಲಿ ಮಂಕೀಸ್ ತಂಡದ 'ಪ್ಲೆಸೆಂಟ್ ವ್ಯಾಲಿ ಸಂಡೇ' ಬಂತು. ಎರಡೂ ನನಗೆ ಇಷ್ಟವಾದ ಹಾಡುಗಳೇ. ಆದರೂ ಎರಡೂ ರಸ್ತೆಯಲ್ಲೇ ನಿಂತು ಮನೆಗಳನ್ನು ನೋಡುತ್ತವೆ. ಬಾಗಿಲು ತೆಗೆದು ಒಳಗೆ ಹೋಗಿ, ಅಡುಗೆಮನೆಯಲ್ಲಿ ಕೂತವರನ್ನು ಮಾತಾಡಿಸಿದ ರಾಕ್ ಆಲ್ಬಮ್ ಬೇರೊಂದಿದೆ. ಅದನ್ನು ಕೇಳಿದವರೇ ಕಡಿಮೆ. 1969ರ ಜನವರಿಯಲ್ಲಿ ಫಿಲಿಪ್ಸ್ ಕಂಪನಿ ಹೊರತಂದ, ಫೋರ್ ಸೀಸನ್ಸ್ ತಂಡದ 'ದಿ ಜೆನ್ಯುಯಿನ್ ಇಮಿಟೇಷನ್ ಲೈಫ್ ಗೆಝೆಟ್' ಅದು.

ಫೋರ್ ಸೀಸನ್ಸ್ ಅಂದರೆ 'ಶೆರಿ', 'ಬಿಗ್ ಗರ್ಲ್ಸ್ ಡೋಂಟ್ ಕ್ರೈ', 'ವಾಕ್ ಲೈಕ್ ಎ ಮ್ಯಾನ್'. ಫ್ರ್ಯಾಂಕಿ ವ್ಯಾಲಿಯ ಕಂಠ ಆಕಾಶಕ್ಕೆ ಏರುವ ಆ ಹಾಡುಗಳಿಗೆ 1962-63ರಲ್ಲಿ ಅಮೆರಿಕದ ಹರೆಯದವರೆಲ್ಲ ಕುಣಿದಿದ್ದರು. ವ್ಯಾಲಿ ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ, ಸರ್ಕಾರಿ ವಸತಿಯಲ್ಲಿ ಬೆಳೆದವರು. ಹಾಡುಗಳನ್ನು ಕಟ್ಟುತ್ತಿದ್ದ ಬಾಬ್ ಗಾಡಿಯೊ ಅದೇ ರಾಜ್ಯದ ಬರ್ಗನ್‌ಫೀಲ್ಡಿನವರು, ಅಂದರೆ ಅಪ್ಪಟ ಬಡಾವಣೆಯ ಹುಡುಗ. ಹದಿಹರೆಯದಲ್ಲೇ 'ಶಾರ್ಟ್ ಶಾರ್ಟ್ಸ್' ಹಾಡಿನಿಂದ ಹೆಸರು ಮಾಡಿದ್ದರು. ಇವರಿಬ್ಬರೂ ಕಾಗದ ಪತ್ರ ಇಲ್ಲದೆ, ಬರೀ ಕೈಕುಲುಕಿ, ಬಂದದ್ದರಲ್ಲಿ ಅರ್ಧರ್ಧ ಅಂತ ಮಾತಾಡಿಕೊಂಡರು. ಆ ಮಾತನ್ನು ದಶಕಗಟ್ಟಲೆ ಉಳಿಸಿಕೊಂಡರು. ಹಾಡಿನ ವ್ಯಾಪಾರದಲ್ಲಿ ಇಂಥದ್ದು ಅಪರೂಪ, ಅದಕ್ಕೇ ಹೇಳಿದೆ.

ಬಡಾವಣೆ ಅಂದೆ. ಅದರ ಕಥೆಯನ್ನೂ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರಿಗೆ ಇರಲು ಮನೆಗಳಿರಲಿಲ್ಲ. 1947ರಲ್ಲಿ ಲೆವಿಟ್ ಕಂಪನಿಯವರು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಆಲೂಗಡ್ಡೆ ಹೊಲಗಳನ್ನು ಕೊಂಡು, ಕಾರ್ಖಾನೆಯಲ್ಲಿ ಕಾರು ಜೋಡಿಸುವ ಕ್ರಮದಲ್ಲೇ ಮನೆ ಕಟ್ಟಲು ಶುರುಮಾಡಿದರು. ಕಾರ್ಖಾನೆಯಲ್ಲಿ ಕಾರು ಮುಂದೆ ಸರಿಯುತ್ತದೆ, ಇಲ್ಲಿ ಕೆಲಸಗಾರರ ಗುಂಪುಗಳೇ ಮನೆಯಿಂದ ಮನೆಗೆ ಸರಿಯುತ್ತಿದ್ದವು. ಒಂದು ಗುಂಪು ಅಡಿಪಾಯ ಹಾಕಿ ಹೋದರೆ ಮತ್ತೊಂದು ಬಣ್ಣ ಬಳಿಯಲು ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳ ಲೆವಿಟ್‌ಟೌನ್ ಎದ್ದು ನಿಂತಿತು. ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದು ಅಂತ ಮೊದಲ ಕರಾರುಪತ್ರದಲ್ಲೇ ಬರೆದಿತ್ತು. ಆ ಹಸಿರು ಹುಲ್ಲುಹಾಸಿನ ಅಡಿಯಲ್ಲಿ ಈ ಅನ್ಯಾಯ ಇತ್ತು ಅನ್ನುವುದನ್ನು ಮರೆತು ಬಡಾವಣೆಯ ಮಾತಾಡಬಾರದು. 1967ರ ಜುಲೈಯಲ್ಲಿ ವ್ಯಾಲಿಯ ನ್ಯೂವಾರ್ಕ್ ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿಯಿತು, 26 ಜನ ಸತ್ತರು. ಅನುಕೂಲ ಇದ್ದ ಬಿಳಿಯರು ಇನ್ನಷ್ಟು ಬೇಗ ಗಂಟುಮೂಟೆ ಕಟ್ಟಿ ಬಡಾವಣೆಗಳಿಗೆ ಹೊರಟರು.

ಅಲ್ಲಿ ಹೋದವರೆಲ್ಲ ಅತೃಪ್ತರೇ? ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞರು ನ್ಯೂಜೆರ್ಸಿಯಲ್ಲಿ ಅದೇ ಕಂಪನಿ ಕಟ್ಟಿದ ಇನ್ನೊಂದು ಲೆವಿಟ್‌ಟೌನಿನಲ್ಲಿ ತಾವೇ ಮನೆ ಮಾಡಿ, ನೆರೆಹೊರೆಯವರ ಜೊತೆ ಬಾಳಿ, 1967ರಲ್ಲಿ 'ದಿ ಲೆವಿಟ್‌ಟೌನರ್ಸ್' ಪುಸ್ತಕ ಬರೆದರು. ಜನ ಬಹುಮಟ್ಟಿಗೆ ಸುಖವಾಗಿಯೇ ಇದ್ದಾರೆ, ಹೊರಗಿನವರು ಹೇಳುವಷ್ಟು ಬೇಸರ ಅಲ್ಲಿಲ್ಲ ಅಂದರು. ನಾನು ಗ್ಯಾನ್ಸರ ಮಾತನ್ನು ನಂಬುತ್ತೇನೆ. ನಂಬಿಯೂ ಈ ಆಲ್ಬಮ್ ನಿಜ ಅನ್ನುತ್ತೇನೆ. ಬಹುಮಟ್ಟಿಗೆ ಸುಖವಾಗಿದ್ದವರ ಮನೆಯಲ್ಲೂ ಒಂದು ನೋವು ಮೂಲೆಯಲ್ಲಿ ಕೂತಿರುತ್ತದಲ್ಲ, ಗಾಡಿಯೊ ಬರೆದದ್ದು ಅದನ್ನು.

ಅವರ ಜೊತೆ ಸಾಹಿತ್ಯಕ್ಕೆ ಕೈಹಾಕಿದವರು ಜೇಕ್ ಹೋಮ್ಸ್. ಈ ಮನುಷ್ಯನ ಹಣೆಬರಹವೇ ಒಂದು ಕಥೆ. 1967ರಲ್ಲಿ ಅವರು ಹಾಡಿದ್ದ 'ಡೇಝ್ಡ್ ಆ್ಯಂಡ್ ಕನ್‌ಫ್ಯೂಸ್ಡ್' ಲೆಡ್ ಝೆಪೆಲಿನ್ ತಂಡದ ಮೊದಲ ಆಲ್ಬಮ್ಮಿನಲ್ಲಿ ಅವರ ಹೆಸರೇ ಇಲ್ಲದೆ ಬಂತು. ಆ ಆಲ್ಬಮ್ ಬಂದದ್ದೂ 1969ರ ಜನವರಿಯಲ್ಲೇ! ಒಂದೇ ತಿಂಗಳಲ್ಲಿ ಹೋಮ್ಸರ ಎರಡು ಕೃತಿಗಳು ಹೊರಬಂದವು. ಅವರ ಹೆಸರಿಲ್ಲದ್ದು ಲೋಕ ಗೆದ್ದಿತು, ಹೆಸರಿದ್ದದ್ದು ಮಣ್ಣುಪಾಲಾಯಿತು. ಅವರು ಕೋರ್ಟಿಗೆ ಹೋದದ್ದು 2010ರಲ್ಲಿ. ಆಮೇಲೆ ರಾಜಿಯಾಯಿತು.

ಗೆಝೆಟಿನ ಹೊದಿಕೆ ದಿನಪತ್ರಿಕೆಯ ಮುಖಪುಟದಂತಿದೆ. ಒಳಗೂ ಪತ್ರಿಕೆಯ ಪುಟಗಳಿವೆ. ಜೆತ್ರೋ ಟಲ್ ತಂಡದ 'ಥಿಕ್ ಆ್ಯಸ್ ಎ ಬ್ರಿಕ್' ಇದೇ ಥರ ಪತ್ರಿಕೆಯ ವೇಷ ಹಾಕಿ ಖ್ಯಾತಿ ಪಡೆದದ್ದು ಮೂರು ವರ್ಷ ಬಿಟ್ಟು, 1972ರಲ್ಲಿ. ಆದರೆ ನಾನು ಈ ತಟ್ಟೆಯನ್ನು ಎದೆಗೆ ಹಚ್ಚಿಕೊಂಡದ್ದು ಹೊದಿಕೆಗಾಗಿ ಅಲ್ಲ, 'ಸ್ಯಾಟರ್‌ಡೇಸ್ ಫಾದರ್' ಎಂಬ ಒಂದು ಹಾಡಿಗಾಗಿ. ಗಂಡ ಹೆಂಡತಿ ಬೇರೆಯಾಗಿದ್ದಾರೆ. ಮಕ್ಕಳು ತಾಯಿಯ ಹತ್ತಿರ. ಅಪ್ಪನಿಗೆ ಸಿಗುವುದು ಶನಿವಾರ ಒಂದೇ. ಇಲ್ಲಿ ಯಾರೂ ಕೆಟ್ಟವರಲ್ಲ, ಯಾರ ಮೇಲೂ ದೂರಿಲ್ಲ. ಲಾಲಿಯ ಹಾಗೆ ಮೆಲ್ಲಗೆ ಸಾಗುವ ರಾಗ. ಕಂಠವನ್ನು ಆಕಾಶಕ್ಕೆ ಎಸೆಯುತ್ತಿದ್ದ ತಂಡ ಇಲ್ಲಿ ದನಿ ತಗ್ಗಿಸಿ ಹಾಡುತ್ತದೆ, ಪಕ್ಕದ ಕೋಣೆಯ ಮಕ್ಕಳಿಗೆ ಎಚ್ಚರವಾದೀತು ಅನ್ನುವಷ್ಟು. ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 1970ರಲ್ಲಿ. ಮುಂದೆ ಲಕ್ಷಾಂತರ ಮನೆಗಳಿಗೆ ಬರಲಿದ್ದ ಶನಿವಾರಗಳನ್ನು ಈ ಹಾಡು ಮೊದಲೇ ಕಂಡಿತ್ತು.

ಮಾರಾಟದ ಪಟ್ಟಿಯಲ್ಲಿ ಆಲ್ಬಮ್ 85ನೇ ಸ್ಥಾನ ದಾಟಲಿಲ್ಲ. 'ಶೆರಿ' ಬೇಕೆಂದವರಿಗೆ ಇದು ಬೇಡವಾಯಿತು. ಉದ್ದ ಕೂದಲಿನ ಹೊಸ ಹುಡುಗರಿಗೆ ಫೋರ್ ಸೀಸನ್ಸ್ ಅನ್ನುವ ಹೆಸರೇ ಹಳತಾಗಿತ್ತು. ಫ್ರ್ಯಾಂಕ್ ಸಿನಾತ್ರಾ ಮಾತ್ರ ಗಾಡಿಯೊ ಮತ್ತು ಹೋಮ್ಸ್ ಇಬ್ಬರನ್ನೂ ಕರೆಸಿ ತಮಗೊಂದು ಆಲ್ಬಮ್ ಬರೆಸಿಕೊಂಡರು. ಹೆಂಡತಿ ಬಿಟ್ಟುಹೋದ ಸಣ್ಣ ಊರಿನ ಗಂಡಸಿನ ಕಥೆ ಹೇಳುವ ಆ 'ವಾಟರ್‌ಟೌನ್' 1970ರಲ್ಲಿ ಬಂದು ಅದೂ ಸೋತಿತು. ಹೋಮ್ಸ್ ಜಾಹೀರಾತಿನ ಹಾಡುಗಳಿಗೆ ಹೋದರು. ಗೆಝೆಟ್ ಬಹುಕಾಲ ಅಂಗಡಿಗಳಲ್ಲಿ ಸಿಗದೆ, ಕೊನೆಗೆ ಸಿಡಿ ಕಾಲದಲ್ಲಿ ಮರಳಿ ಬಂತು.

ಇವತ್ತು ಅದೇ ನ್ಯೂಜೆರ್ಸಿಯ ಬಡಾವಣೆಗಳಲ್ಲಿ ನಮ್ಮವರ ಮನೆಗಳು ಎಷ್ಟೋ ಇವೆ. ಮಗಳ ಬಾಣಂತನಕ್ಕೆ ಅಂತ ಹೋದ ಅಮ್ಮಂದಿರು, ವಾರದ ಐದು ದಿನ ನರಪಿಳ್ಳೆಯೂ ಓಡಾಡದ ರಸ್ತೆಯನ್ನು ಕಿಟಕಿಯಿಂದ ನೋಡಿಕೊಂಡು ಕೂರುತ್ತಾರೆ. ಊರಿಗೆ ಬಂದ ಮೇಲೆ "ಎಲ್ಲಾ ಚೆನ್ನಾಗಿದೆ ಕಣೇ, ಆದ್ರೆ ಮಾತಾಡೋಕೆ ಯಾರೂ ಇಲ್ಲ" ಅನ್ನುತ್ತಾರೆ. ಈ ಹಾಡುಗಳು ಅವರಿಗೂ ಅರ್ಥವಾದಾವು.

ಕೇಳುವುದಾದರೆ 'ಸ್ಯಾಟರ್‌ಡೇಸ್ ಫಾದರ್'ನಿಂದಲೇ ಶುರುಮಾಡಿ. ಆಲ್ಬಮ್ಮಿನ ಮೊದಲ ಹಾಡು ಏಳು ನಿಮಿಷದ ಹತ್ತಿರ ಹೋಗುತ್ತದೆ, ಅದಕ್ಕೆ ತಾಳ್ಮೆ ಬೇಕು. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.