325, 326 ಮತ್ತು ಒಂದು ಕೌದಿ

ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿ ವಿಷಯ ತಿಳಿಸುವ ಡ್ಯೂಯಿ ಸಂಖ್ಯೆ ಬರೆಯುವುದರಲ್ಲೇ ನನ್ನ ನೌಕರಿ ಸವೆಯಿತು. ಉತ್ತರ ಕನ್ನಡದ ಕಾಲೇಜೊಂದರ ಗ್ರಂಥಪಾಲಕನಿಗೆ ಲೋಕವೆಲ್ಲ ಮೂರಂಕಿಯಲ್ಲೇ ಕಾಣುತ್ತದೆ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಬೀಳುವುದು ಕಪಾಟಿನ ಮೇಲೆ. ಅಡುಗೆ ಪುಸ್ತಕದ ಪಕ್ಕ ಭಗವದ್ಗೀತೆ ನಿಂತಿದ್ದರೆ ಕೈ ತುರಿಸುತ್ತದೆ. ಮಗನ ನ್ಯೂಜೆರ್ಸಿ ಮನೆಯಲ್ಲಿ ಕಪಾಟೇ ಇರಲಿಲ್ಲ. ಹಾಗಾಗಿ 2013ರಲ್ಲಿ, ಮನೆಯವರೆಲ್ಲ ಲಿಬರ್ಟಿ ಪ್ರತಿಮೆ ನೋಡಲು ದೋಣಿ ಹತ್ತಿದ ದಿನ, ನಾನು ಹಾರ್ಲೆಮ್‌ನ 135ನೇ ಬೀದಿಗೆ ಹೋಗುವ ರೈಲು ಹತ್ತಿದೆ.

ಅಲ್ಲಿರುವುದು ಕಪ್ಪುಜನರ ಇತಿಹಾಸದ ಗ್ರಂಥಾಲಯ, ಶೋಂಬರ್ಗ್ ಕೇಂದ್ರ. ಆರ್ಟುರೊ ಶೋಂಬರ್ಗ್ 1874ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವನು. ಕಪ್ಪುಜನಕ್ಕೆ ಇತಿಹಾಸವೇ ಇಲ್ಲ ಎಂದು ಶಾಲೆಯಲ್ಲಿ ಟೀಚರೊಬ್ಬರು ಅಂದಿದ್ದರಂತೆ. ಆ ಮಾತಿಗೆ ಈತ ಬದುಕಿಡೀ ಉತ್ತರ ಕೊಡುತ್ತ ಹೋದ. ನ್ಯೂಯಾರ್ಕಿನ ಬ್ಯಾಂಕೊಂದರ ಟಪಾಲು ವಿಭಾಗದ ಕೆಲಸ. ಸಂಬಳ ಬಂದದ್ದೇ ಹಳೆ ಪುಸ್ತಕದಂಗಡಿಗೆ. 1926ರಲ್ಲಿ ಕಾರ್ನೆಗಿ ದತ್ತಿಯ 10,000 ಡಾಲರಿನಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಅವನ ಸಂಗ್ರಹವನ್ನು ಕೊಂಡಿತು. ಆಸಾಮಿ ಆ ದುಡ್ಡು ಹಿಡಿದು ಯೂರೋಪಿಗೆ ಹೋದ, ಮತ್ತೆ ಹುಡುಕಲು! ವೆಲಾಸ್ಕೆಸ್‌ನ ಗುಲಾಮನಾಗಿದ್ದು ತಾನೂ ಚಿತ್ರಕಾರನಾದ ಹ್ವಾನ್ ದೆ ಪರೇಹಾನ ಚಿತ್ರವನ್ನು ಸ್ಪೇನಿನಲ್ಲಿ ಕಣ್ಣಾರೆ ಕಂಡ. ಈ ಕಾಯಿಲೆಗೆ ಮದ್ದಿಲ್ಲ ಎಂಬುದು ವೃತ್ತಿಯಿಂದ ನನಗೆ ಗೊತ್ತು.

ಕೂಡಿಡುವುದು ಒಂದು ಸಾಹಸ, ಜೋಡಿಸುವುದು ಇನ್ನೊಂದು. ನನ್ನ ನಿಜವಾದ ಭಕ್ತಿ ಡೊರೊಥಿ ಪೋರ್ಟರ್ ಮೇಲೆ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಕಪ್ಪುಜನರ ಕುರಿತ ಸಂಗ್ರಹದ ಹೊಣೆ ಹೊತ್ತವಳು. ಡ್ಯೂಯಿ ಬಳಸುತ್ತಿದ್ದ ಬೇರೆ ಗ್ರಂಥಾಲಯಗಳಲ್ಲಿ ಕಪ್ಪು ಲೇಖಕರದು ಕವಿತೆಯೇ ಇರಲಿ, ಅದಕ್ಕೆ 325 ಅಥವಾ 326. ಒಂದು ವಸಾಹತು, ಇನ್ನೊಂದು ಗುಲಾಮಗಿರಿ. ಮದುವೆಮನೆಯ ಪಂಕ್ತಿಭೇದದ ಹಾಗೆ, ಊಟ ಅದೇ, ಎಲೆ ಮಾತ್ರ ಆಚೆ. ಪೋರ್ಟರ್ ಆ ಪಂಕ್ತಿ ಮುರಿದು, ಕವಿಯನ್ನು ಕವಿಗಳ ಜೊತೆ ಕೂರಿಸಿದಳು.

ಸಾಮಾನ್ಯ ಕಪ್ಪುಜನರ ಕಡತದಲ್ಲಂತೂ ಹೆಸರಿಗೂ ಜಾಗವಿರಲಿಲ್ಲ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಹಾಳೆ. ಮೇಲೆ ಒಡೆಯನ ಹೆಸರು, ಕೆಳಗೆ ಸಾಲಾಗಿ ವಯಸ್ಸು, ಹೆಣ್ಣೋ ಗಂಡೋ, ಮೈಬಣ್ಣ. ಹೆಚ್ಚುಕಡಿಮೆ ಇಷ್ಟೇ. ದಕ್ಷಿಣದಲ್ಲಿ ಬಿಡುಗಡೆಯಾದವರು ಹೆಸರು ಹಿಡಿದು ಎದುರಾಗುವುದು 1870ರ ಗಣತಿಯಲ್ಲಿ. ಅದಕ್ಕೂ ಹಿಂದಿನ ಅಜ್ಜಿ ಬೇಕಿದ್ದರೆ ಅವಳನ್ನು ಕೊಂಡವನ ಉಯಿಲು, ಕ್ರಯಪತ್ರ ತಡಕಬೇಕು. ನಡುವೆ ಅಡ್ಡದಾರಿ ಒಂದುಂಟು: ಬಿಡುಗಡೆಯಾದವರಿಗೆಂದೇ 1865ರಲ್ಲಿ ತೆರೆದ ಫ್ರೀಡ್‌ಮನ್ಸ್ ಬ್ಯಾಂಕ್. ಖಾತೆ ತೆರೆಯಲು ಬಂದವರಿಂದ ಗುಮಾಸ್ತರು ಅಪ್ಪ, ಅಮ್ಮ, ಒಡಹುಟ್ಟಿದವರು, ಕೆಲವೊಮ್ಮೆ ಹಳೆಯ ಒಡೆಯನ ಹೆಸರನ್ನೂ ಕೇಳಿ ಬರೆದುಕೊಂಡರು. 1874ರಲ್ಲಿ ಬ್ಯಾಂಕು ಮುಳುಗಿತು, ಬಡವರ ದುಡ್ಡೂ ಮುಳುಗಿತು. ವಂಶ ಹುಡುಕುವವರು ಇವತ್ತು ಆ ರಿಜಿಸ್ಟರುಗಳನ್ನೇ ತಿರುವಿ ಹಾಕುತ್ತಾರೆ.

ನಾನು ಹೋದಾಗ ಶೋಂಬರ್ಗ್‌ನಲ್ಲಿ ಭಾರತದ ಆಫ್ರಿಕನ್ನರ ಪ್ರದರ್ಶನ ನಡೆದಿತ್ತು. ಇಥಿಯೋಪಿಯದಿಂದ ಗುಲಾಮನಾಗಿ ಬಂದು ಅಹಮದ್‌ನಗರವನ್ನು ಆಡಿಸಿದ ಮಲಿಕ್ ಅಂಬರ್, ಬಿಜಾಪುರದ ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್, ಕೊನೆಗೆ ನಮ್ಮ ಉತ್ತರ ಕನ್ನಡದ ಸಿದ್ದಿಗಳು. ಅದಕ್ಕೂ ಎರಡು ವರ್ಷ ಹಿಂದೆ ಸಿದ್ದಿ ಹೆಂಗಸರ ಕೌದಿಗಳೇ ಅಲ್ಲಿ ಪ್ರದರ್ಶನಕ್ಕಿದ್ದವಂತೆ. ಹಳೆ ಸೀರೆ-ಲಂಗದ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ಸುತ್ತು ಬಂದು ನಡುವಿಗೆ ಸೇರಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ತ್ರಿಕೋನ, ಅದು ‘ಫೂಲ’. ಫೂಲ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ.

ನಮ್ಮ ಕಾಲೇಜಿನಲ್ಲಿ ಮಲಿಕ್ ಅಂಬರ್ ಇದ್ದದ್ದು ದಖನ್ ಇತಿಹಾಸದ ಕಪಾಟಿನಲ್ಲಿ, ಸಿದ್ದಿಗಳು ಗೋಡೆಯಾಚೆ ಬುಡಕಟ್ಟುಗಳ ಸಾಲಿನಲ್ಲಿ. ಹಳಿಯಾಳ ಕಡೆಯ ವಿದ್ಯಾರ್ಥಿನಿಯೊಬ್ಬಳು ಎರಡರ ನಡುವೆ ಓಡಾಡಿದ್ದು ನೆನಪಿತ್ತು. ಅವಳಿಗಾಗಿ ಕೌಂಟರಿನಲ್ಲಿ ವಿಚಾರಿಸಿದೆ. ಅಲ್ಲಿದ್ದಾಕೆ ಪೆನ್ಸಿಲ್ ಚಾಚಿದಳು. ಸಿದ್ದಿ, ಸೀದಿ, ಶೀದಿ, ಹಬ್ಶಿ ಎಂದು ಬರೆದುಕೊಟ್ಟೆ. ಯಾವ ಹೆಸರಿನಡಿ ಏನು ಅಡಗಿದೆಯೋ, ಎಲ್ಲವನ್ನೂ ಕೊಟ್ಟು ಹುಡುಕಬೇಕು. ಪ್ರದರ್ಶನ ಅಂತರ್ಜಾಲದಲ್ಲೂ ಇದೆ ಎಂದಳು. ಆ ರಾತ್ರಿಯೇ ಹುಡುಗಿಗೆ ಈಮೇಲ್ ಮಾಡಿದೆ.

ಮರುದಿನ ಉತ್ತರ ಬಂತು: “ಕೌದಿ ಹೊಲಿದವರ ಹೆಸರು ಎಲ್ಲಾದರೂ ಬರೆದಿದ್ದಾರಾ ಸರ್? ನಮ್ಮಜ್ಜಿಯದನ್ನೂ ಯಾರೋ ಕೊಂಡುಹೋಗಿದ್ದರು.”