ರಾಯಿಕೋಡ್ ದಾರಿಯಲ್ಲೊಂದು ರೇಡಿಯೊ

ಬೀದರ್ ಕಡೆಯವರಿಗೆ ಜಹೀರಾಬಾದ್ ಪರವೂರಲ್ಲ. ಸಂತೆಗೂ ಸಂಬಂಧಕ್ಕೂ ಹೋಗಿಬರುವ ಊರು. ಅಲ್ಲಿಂದ ಝರಾಸಂಗಮ್ ದಾಟಿ ರಾಯಿಕೋಡ್ ಕಡೆಗೆ ಹೊರಟರೆ ಬಸ್ಸಿನಲ್ಲಿ ತೆಲುಗು, ಉರ್ದು, ನಡುನಡುವೆ ನಮ್ಮ ಕನ್ನಡವೂ ಕಿವಿಗೆ ಬೀಳುತ್ತದೆ. ಜೋಳ, ತೊಗರಿ, ಕುಸುಬೆ ಬೆಳೆಯುವ ಸೀಮೆ ಇದು. ಮಂಜೀರಾ ನದಿ ದೂರವೇನಿಲ್ಲ. ಆದರೆ ಸಿಂಗೂರು ಅಣೆಕಟ್ಟಿನ ನೀರು ಹೈದರಾಬಾದಿನ ನಲ್ಲಿಗಳಿಗೆ ಹರಿಯಿತು. ಇಲ್ಲಿಯ ಬಡವರ ಹೊಲ ಮುಗಿಲನ್ನೇ ನೋಡುತ್ತಾ ಉಳಿಯಿತು.

ಇದೇ ದಾರಿಯ ಸೀಮೆಯಲ್ಲಿ ಮಾಚನೂರು ಎಂಬ ಹಳ್ಳಿಯಿದೆ. ದೊಡ್ಡ ಊರೇನಲ್ಲ. ಆದರೂ ನಮ್ಮ ದೇಶದ ಹಳ್ಳಿಗರ ಮೊದಲ ಸಮುದಾಯ ಬಾನುಲಿಗಳ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಇಲ್ಲಿಯ ‘ಸಂಘಂ ರೇಡಿಯೊ’ವನ್ನು ಕಟ್ಟಿ ನಡೆಸಿದವರು ದಲಿತ ಮಹಿಳೆಯರು. ಅವರಲ್ಲಿ ಇಬ್ಬರ ಹೆಸರೂ ನರಸಮ್ಮ. ಗುರುತಿಗೆಂದು ಒಬ್ಬರು ಅಲಗೋಲ್ ನರಸಮ್ಮ, ಇನ್ನೊಬ್ಬರು ‘ಜನರಲ್’ ನರಸಮ್ಮ!

ಇದರ ಹಿಂದೆ ನಮ್ಮ ಮೈಸೂರಿನವರೊಬ್ಬರಿದ್ದರು ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ದೂರದರ್ಶನದಲ್ಲಿ ಕಾರ್ಯಕ್ರಮ ತಯಾರಿಸುತ್ತಿದ್ದ ಪಿ.ವಿ. ಸತೀಶ್ 1983ರಲ್ಲಿ ಸ್ನೇಹಿತರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭಿಸಿದರು. ಈ ಸೀಮೆಯ ಸುಮಾರು 75 ಹಳ್ಳಿಗಳಲ್ಲಿ ಬಡ ಮಹಿಳೆಯರ ಸಂಘಗಳು ಬೆಳೆದವು. ಬೀಡು ಬಿದ್ದ ನೆಲ ಹಸನಾಯಿತು, ನವಣೆ ಸಾಮೆಗಳ ಬೀಜ ಮತ್ತೆ ಬುಟ್ಟಿ ಸೇರಿತು. ಆಮೇಲೆ ಈ ಮಹಿಳೆಯರು ಕ್ಯಾಮೆರಾ ಹಿಡಿದರು, ಮೈಕಿನ ಮುಂದೆ ಕುಳಿತರು.

ಬಡವರಿಗೆ ಕಂಪ್ಯೂಟರ್ ಕೊಟ್ಟರೆ ಉದ್ಧಾರವಾದಂತೆ ಎಂದು ನಂಬುವವರಿದ್ದಾರೆ. ಹಾಗೆ ಕೊಟ್ಟ ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದ್ದನ್ನು ನಾನೇ ಒಂದೂರಿನಲ್ಲಿ ಕಂಡಿದ್ದೇನೆ. ಮಾಚನೂರಿನಲ್ಲಿ ಕಥೆ ಬೇರೆ. ಅಕ್ಷರ ಬಾರದವರೂ ರೇಡಿಯೊದಲ್ಲಿ ಮಾತನಾಡಬಹುದು. ಯಾವ ಹೊಲಕ್ಕೆ ಯಾವ ಬೀಜ, ದನಕ್ಕೆ ಯಾವ ಮದ್ದು, ಹಬ್ಬಕ್ಕೆ ಯಾವ ಹಾಡು, ಇವೆಲ್ಲ ಅವರಿಗೆ ಗೊತ್ತಿದ್ದದ್ದೇ. ಅದೂ ಪಟ್ಟಣದ ತೆಲುಗಿನಲ್ಲಲ್ಲ, ತಮ್ಮ ಮನೆಮಾತಿನಲ್ಲಿ!

ಆದರೆ ಕಾಯಬೇಕಾಯಿತು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಯುನೆಸ್ಕೊ ನೆರವಿನಿಂದ ಮಾಚನೂರಿನ ನಿಲಯವೂ ತೊಂಬತ್ತರ ದಶಕದಲ್ಲೇ ಸಿದ್ಧವಾಯಿತು. ಪರವಾನಗಿ ಮಾತ್ರ ಬರಲಿಲ್ಲ. ಯಂತ್ರ ಎದುರಿಗಿದ್ದರೂ ಬಿತ್ತರಿಸುವಂತಿಲ್ಲ! ಮಹಿಳೆಯರು ಕೈಕಟ್ಟಿ ಕೂರದೆ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ, ಸಂಘದ ಸಭೆಗಳಲ್ಲಿ ಕೇಳಿಸಿದರು. ಅದೇ ಕಷ್ಟದಲ್ಲಿದ್ದ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದ್ದರು. ಬಡವರ ಜಾಣತನಕ್ಕೆ ಯಾರ ಪರವಾನಗಿ ಬೇಕು?

2006ರ ನವೆಂಬರಿನಲ್ಲಿ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಕೊನೆಗೆ 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಸಂಘಂ ರೇಡಿಯೊ ಬಹಿರಂಗವಾಗಿ ಮಾತನಾಡಿತು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್, 1995ರ ಆ ತೀರ್ಪು ಬರೆದವರೇ ಅವರು.

ಈ ಮಹಿಳೆಯರು ಕ್ಯಾಮೆರಾಕ್ಕೆ ಇಟ್ಟ ಹೆಸರುಗಳನ್ನು ಕೇಳಿ. ಮೇಲಿಂದ ಕೆಳಗೆ ನೋಡುವ ಚಿತ್ರ ‘ಪಟೇಲ ಶಾಟ್’: ಒಡೆಯ ಆಳನ್ನು ನೋಡುವ ಬಗೆ. ಕೆಳಗಿಂದ ಕತ್ತೆತ್ತಿ ನೋಡುವುದು ಆಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ನೋಡುವುದು ‘ಸಂಘಂ ಶಾಟ್’. ಅವರಿಗೆ ಇಷ್ಟವಾದದ್ದು ಇದೇ. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಕೂರುತ್ತಾರಲ್ಲ, ಕ್ಯಾಮೆರಾ ಹಿಡಿದವಳೂ ಅಲ್ಲೇ ಕೂರುತ್ತಾಳೆ.

ಸತೀಶ್ 2023ರ ಮಾರ್ಚಿನಲ್ಲಿ ತೀರಿಕೊಂಡರು. ಬೀದರಿಗೆ ಹೋದವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಆ ದಾರಿ ಹಿಡಿಯಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.