ಮಿತವ್ಯಯಿಯೋ, ಜುಗ್ಗನೋ?

ನಮ್ಮ ಅಣ್ಣನ ಮಗಳು ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ಕಾಲೇಜಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಕುಳಿತೇ ದಿನಕ್ಕೆ ಹತ್ತು ಇಂಗ್ಲಿಷ್ ಶಬ್ದ ಬಾಯಿಪಾಠ. ಅವೂ ಸಾದಾ ಶಬ್ದಗಳಲ್ಲ; ಮನುಷ್ಯರ ಸ್ವಭಾವ, ಮಾತಿನ ರೀತಿ ಹೇಳುವ ಭಾರೀ ಶಬ್ದಗಳು. ಪರೀಕ್ಷೆಗೆ, ಸಂದರ್ಶನಕ್ಕೆ ಬೇಕಂತೆ. ಒಂದು ದಿನ ‘ನನ್ನ ತಂದೆ’ ಎಂಬ ಪ್ರಬಂಧ ತೋರಿಸಿದಳು. ಅದರಲ್ಲಿ ಅಪ್ಪ ‘ಪಾರ್ಸಿಮೋನಿಯಸ್’ ಆಗಿದ್ದ.

“ಹಂಗಂದ್ರ ಏನವಾ?”

“ರೊಕ್ಕಾ ಹಿಡದು ಖರ್ಚು ಮಾಡಾವ್ರು, ಕಾಕಾ.”

ಅವಳ ಪಟ್ಟಿಯಲ್ಲಿ ಹಾಗೆಯೇ ಇತ್ತು. ಆದರೆ ಆ ಶಬ್ದಕ್ಕೆ ಜುಗ್ಗತನದ ವಾಸನೆಯಿದೆ. ಹತ್ತಿ ಮಾರಿದ ದುಡ್ಡಿನಲ್ಲಿ ಮೊದಲು ಮಗಳ ಫೀ ಎತ್ತಿಟ್ಟು, ತನ್ನ ಹೊಸ ಧೋತರ ಮುಂದಿನ ವರ್ಷಕ್ಕೆ ನೂಕುವವನು ಜುಗ್ಗನಲ್ಲ. ಅವನಿಗೆ ‘ಫ್ರೂಗಲ್’ ಸರಿ. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಕುಳಿತಿದ್ದವು. ಒಂದು ಮೆಚ್ಚುಗೆ, ಇನ್ನೊಂದು ಬೈಗುಳ.

ಮಾತಿನ ಶಬ್ದಗಳಲ್ಲೂ ಇದೇ ಪಾಡು. ‘ಲಕಾನಿಕ್’, ‘ಟ್ಯಾಸಿಟರ್ನ್’ ಎರಡಕ್ಕೂ ‘ಮಿತಭಾಷಿ’ ಎಂದು ಬರೆದುಕೊಂಡರೆ ಮುಗಿಯಲಿಲ್ಲ. ಗ್ರೀಸಿನ ಲಕೋನಿಯಾ ಸೀಮೆಯ ಸ್ಪಾರ್ಟಾದ ಜನ ಎರಡೇ ಮಾತಿನಲ್ಲಿ ಖಡಕ್ಕಾಗಿ ಉತ್ತರ ಕೊಡುತ್ತಿದ್ದರು. ಮೊದಲನೆಯ ಶಬ್ದ ಹುಟ್ಟಿದ್ದು ಅವರಿಂದ. ಎರಡನೆಯದು, ನಾಲ್ಕು ಮಂದಿಯ ನಡುವೆಯೂ ಬಾಯಿ ಬಿಡದೆ ಮುಗುಮ್ಮಾಗಿ ಕೂಡ್ರುವವನಿಗೆ. ‘ಗ್ಯಾರುಲಸ್’ ಎಂದರೆ ಮಾತುಗಾರನಲ್ಲ, ಬಾಯಿಬಡಕ. ಸನ್ಮಾನ ಸಮಾರಂಭದಲ್ಲಿ ಮಾಸ್ತರರಿಗೆ ಆ ಶಬ್ದ ಹಚ್ಚಿದರೆ ಗತಿಯೇನು!

ನನಗನ್ನಿಸುವುದು, ಈ ಕಲಿಕೆ ತಿರುವುಮುರುವಾಗಿ ನಡೆದಿದೆ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುತ್ತದೆ. ಸುಮಾರು 70,000 ಶಬ್ದ. ಎಷ್ಟೋ ಕಡೆ ಬರೀ ಅರ್ಥವಲ್ಲ, ಜೊತೆಗೆ ಗಾದೆಯೂ ಉಂಟು. ಶಬ್ದವನ್ನು ಜನ ಹೇಗೆ ಬಳಸುತ್ತಾರೆಂದು ಕೇಳಿದವನ ಕೆಲಸ ಅದು. ನಮ್ಮ ಹುಡುಗರೂ ಊರಿನ ಕಟ್ಟೆಯಿಂದ ಹೊರಡಲಿ. ಉಡಾಳ, ಬೆರಕಿ, ಹುಂಬ, ಸಂಭಾವಿತ—ಪ್ರತಿಯೊಂದಕ್ಕೂ ಕಣ್ಣೆದುರು ಒಂದು ಮುಖವಿದೆ. ಆ ಮುಖಕ್ಕೆ ಒಪ್ಪುವ ಇಂಗ್ಲಿಷ್ ಶಬ್ದ ಹುಡುಕಿದರೆ ಅದು ಪರೀಕ್ಷೆಯ ಮರುದಿನವೂ ನೆನಪಿರುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಾರದ ತಂದೆತಾಯಿಯೂ ಇದರಲ್ಲಿ ಕೈಗೂಡಿಸಬಹುದು. “ಅವ ಬೆರಕಿ ಹೌದು, ಆದ್ರ ಮೋಸಗಾರ ಅಲ್ಲ” ಎಂದು ತಾಯಿ ತಿದ್ದಿದರೆ, ಯಾವ ಶಬ್ದ ಬಿಡಬೇಕೆಂದು ಮಗಳಿಗೆ ಹೊಳೆಯುತ್ತದೆ.

ಕೆಲವು ಶಬ್ದ ಮಾತ್ರ ಜಪ್ಪೆನ್ನುವುದಿಲ್ಲ. ನಮ್ಮ ‘ಭಿಡೆ’ಯನ್ನೇ ನೋಡಿ. ಅಂಗಡಿಯವ ಪರಿಚಯದವನೆಂದು ಚಿಲ್ಲರೆ ಕೇಳಲಾರದೆ ಮರಳುವವನಿಗೆ ‘ಶೈ’ ಎಂದರೆ ಸಾಲದು, ‘ರೆಟಿಸೆಂಟ್’ ಎಂದರೆ ಬೇರೆಯೇ ಆಯಿತು. ಅಲ್ಲಿ ಭಾರೀ ಶಬ್ದ ಬಿಟ್ಟು, ಅವನು ಚಿಲ್ಲರೆ ಕೇಳದೆ ಬಂದದ್ದನ್ನೇ ಸಣ್ಣ ಇಂಗ್ಲಿಷಿನಲ್ಲಿ ಬರೆದರಾಯಿತು.